ಬೆಂಕಿ ಬಿದ್ದ ಬೆಟ್ಟ

ನಮ್ಮ ಸೊಪ್ಪಿನಬೆಟ್ಟಕ್ಕೆ ಬೆಂಕಿ ಬಿದ್ದ ಮೇಲೆ ಸಮಾಧಾನ ಹೇಳಲು ಬಂದವರೆಲ್ಲ ಒಂದೊಂದು ಗಿಡ ಸೂಚಿಸಿ ಹೋದರು. ಅಕೇಶಿಯಾ ಹಾಕು, ಬೇಗ ಹಸಿರಾಗುತ್ತದೆ ಎಂದರೊಬ್ಬರು. ಸಾಗವಾನಿ ಹಾಕು, ಮೊಮ್ಮಕ್ಕಳಿಗಾಗುತ್ತದೆ ಎಂದರು ಇನ್ನೊಬ್ಬರು. ಚಹಾ ಕುಡಿದು ಹೋಗುವವರಿಗೆ ಗುಂಡಿ ತೆಗೆಯುವ ಕಷ್ಟವೇನಿದೆ!

ಶಿರಸಿ, ಸಿದ್ದಾಪುರದ ಕಡೆ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ಕಾಗದದಲ್ಲಿ ಅರಣ್ಯ, ರೂಢಿಯಲ್ಲಿ ಮನೆಯ ಹಿತ್ತಿಲು. ತೋಟದ ಗೊಬ್ಬರಕ್ಕೆ ಸೊಪ್ಪು, ಕೊಟ್ಟಿಗೆಗೆ ಒಣಗಿದೆಲೆಯ ದರಕು, ಸಾರಿಗೆ ಮುರುಗಲು, ಎಲ್ಲ ಅಲ್ಲಿಂದಲೇ. ಆ ದಿನ ಪಕ್ಕದ ಹುಲ್ಲುಗಾವಲು, ಅಂದರೆ ಬ್ಯಾಣದ ಒಣ ಕರಡ ಹತ್ತಿಕೊಂಡು, ಊರವರು ಹಸಿ ಟೊಂಗೆಯಿಂದ ಬಡಿಯುತ್ತಿದ್ದಂತೆಯೇ ಬೆಂಕಿ ಗಡಿಯ ಅಗಳ ದಾಟಿತ್ತು.

ಸೊಪ್ಪು ಕಡಿಯುವುದರಲ್ಲೇ ಮುದುಕರಾದ ನೆರೆಮನೆಯ ಮಾವ ಮಾತ್ರ ಗಿಡದ ಹೆಸರೆತ್ತಲಿಲ್ಲ. ಕರಿಕಾದ ಮತ್ತಿಯೊಂದನ್ನು ಕತ್ತಿಯಿಂದ ಕೆರೆದು ನೋಡಿ, “ಮಳೆ ಬೀಳ್ಲಿ ತಮಾ, ಬುಡ ಸತ್ತಿದ್ದಿಲ್ಲೆ” ಅಂದರು.

ಹಾಗೆಯೇ ಆಯಿತು. ಮತ್ತಿ, ಕವಲಿನ ದಪ್ಪ ತೊಗಟೆ ಒಳಗಿನ ಜೀವ ಕಾದಿತ್ತು. ನೆಲ್ಲಿ ಬುಡದಿಂದ ಚಿಗುರಿತು. ಒಂದೊಂದು ಕುತ್ತಿಯಲ್ಲೂ ಹಿಂಡು ಹಿಂಡು ಕುಡಿ. ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕದ್ದನ್ನು ಸವರಿದೆವು. ಬೇರಿಗೆ ವರ್ಷಗಳ ಅನುಭವವಿರುತ್ತದೆ, ನರ್ಸರಿಯ ಸಸಿಗೆ ಒಂದು ಪ್ಲಾಸ್ಟಿಕ್ ಕೊಟ್ಟೆಯ ಅನುಭವ. ಪೈಪೋಟಿ ಸಮವಲ್ಲ.

ಆದರೆ ಯುಪಟೋರಿಯಂ ಕಳೆ ಕೂಡ ಬೇರಿನಿಂದಲೇ ಬರುತ್ತದೆ, ಎಲ್ಲರಿಗಿಂತ ಮೊದಲು. ಬೇಸಗೆಯಲ್ಲಿ ಒಣಗಿ ಮುಂದಿನ ಬೆಂಕಿಗೆ ಸೌದೆಯೂ ಆಗುತ್ತದೆ. ಹೂ ಬಿಡುವ ಮೊದಲೇ ಅದನ್ನು ಕೀಳುವುದು ಸೊಂಟ ಮುರಿಯುವ ಕೆಲಸ, ಫೋಟೊಕ್ಕೆ ಒದಗುವಂಥದ್ದಲ್ಲ. ತೆಳು ತೊಗಟೆಯ ಮುರುಗಲು, ಉಪ್ಪಾಗೆ ಮಾತ್ರ ಸುಟ್ಟಲ್ಲಿ ಹೆಚ್ಚು ಉಳಿಯಲಿಲ್ಲ. ಅವುಗಳ ಬೀಜ ಒಣಗಿಸಿ ಇಡುವಂಥದ್ದಲ್ಲ. ಹಣ್ಣು ತಿಂದ ಬೆನ್ನಿಗೇ ಹಳ್ಳದಂಚಿನ ನೆರಳಿನಲ್ಲಿ ಊರಿದೆವು. ನೇರಳೆಯ ಕೆಲಸವನ್ನು ಪಿಕಳಾರ, ಮಂಗಟ್ಟೆಗಳಿಗೆ ಬಿಟ್ಟಿದ್ದೇವೆ, ಅವು ಕೂಲಿ ಕೇಳುವುದಿಲ್ಲ.

ಒಂದು ಬೆಂಕಿಯನ್ನು ಈ ಬೆಟ್ಟ ತಾಳುತ್ತದೆ. ಕುಡಿಗಳು ಮೊಣಕಾಲೆತ್ತರ ಇರುವಾಗಲೇ ಎರಡನೆಯದು ಬಂದರೆ ಬೇರಿನಲ್ಲಿ ಕೂಡಿಟ್ಟದ್ದೂ ಮುಗಿಯುತ್ತದೆ, ಆಮೇಲೆ ಉಳಿಯುವುದು ಕರಡ ಮತ್ತು ಯುಪಟೋರಿಯಂ. ಅದಕ್ಕೇ ಮಾಘ ಮುಗಿಯುವುದರೊಳಗೆ ಗಡಿಯ ದರಕು ಗುಡಿಸುತ್ತೇವೆ, ದನ ನುಗ್ಗದಂತೆ ಅಗಳ ಸರಿಮಾಡುತ್ತೇವೆ. ನಮ್ಮ ಬೆಟ್ಟದ ಹಾದಿಯಲ್ಲಿ ಬರುವವರು ದಯವಿಟ್ಟು ಬೀಡಿಯನ್ನು ಊರಲ್ಲೇ ಸೇದಿ ಮುಗಿಸಿ ಬನ್ನಿ.