ಉಳಿದ 23 ಗಂಟೆಯ ಲೆಕ್ಕ

ಎರಡನೇ ಶನಿವಾರ, ಬೆಳಗಿನ ಒಂಬತ್ತೂವರೆ. ಜಯನಗರದ ಡಯಟಿಷಿಯನ್ ಒಬ್ಬರ ಕೋಣೆಯಲ್ಲಿ ಗೆಳತಿಯ ಪಕ್ಕ ಕೂತಿದ್ದೇನೆ. ಅವಳು ಬ್ಯಾಂಕ್ ಉದ್ಯೋಗಿ. ವಯಸ್ಸು 42, ಎತ್ತರ 158 ಸೆಂ.ಮೀ., ತೂಕ ಈಗಷ್ಟೇ ನೋಡಿದ್ದು, 68 ಕೆ.ಜಿ. ಮುಂದಿರುವ ಹಾಳೆಯಲ್ಲಿ ನಾಲ್ಕು ಚೌಕಗಳಿವೆ: ದಿನದ ಚಟುವಟಿಕೆ ಕಡಿಮೆ, ಅಲ್ಪ, ಮಧ್ಯಮ, ಹೆಚ್ಚು. ಅವಳು ತಡಮಾಡದೆ ಮೂರನೆಯದಕ್ಕೆ ಟಿಕ್ ಹಾಕುತ್ತಾಳೆ.

"ಲಾಲ್‌ಬಾಗಲ್ಲಿ ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡ್ತೀನಿ ಮೇಡಂ. ತಪ್ಪಿಸೋದೇ ಇಲ್ಲ."

"ತುಂಬಾ ಒಳ್ಳೇದು. ವಾಕಿಂಗ್ ಆದ್ಮೇಲೆ?"

"ತಿಂಡಿ, ಸ್ನಾನ, ಆಮೇಲೆ ಮೆಟ್ರೊ."

"ಸೀಟು ಸಿಗುತ್ತಾ?"

"ಸಿಕ್ಕರೆ ಕೂತ್ಕೋತೀನಿ. ಬ್ಯಾಂಕಲ್ಲಂತೂ ಕೂತೇ ಕೆಲಸ. ಊಟದ ಡಬ್ಬಿ ತೆಗೆಯೋದೂ ಅಲ್ಲೇ."

ಡಯಟಿಷಿಯನ್ ಹಾಳೆಯನ್ನು ಮಗುಚಿ ಪೆನ್ಸಿಲಿನಲ್ಲಿ 24 ಮನೆ ಗೀಚುತ್ತಾರೆ. ಮಲಗಿದ್ದಕ್ಕೆ 'ಮ', ಕೂತದ್ದಕ್ಕೆ 'ಕೂ', ಅಡುಗೆಮನೆಯಲ್ಲಿ ನಿಂತದ್ದಕ್ಕೆ 'ನಿ'. ಒಂದೊಂದು ಗಂಟೆಯನ್ನೂ ಕೇಳಿ ಕೇಳಿ ತುಂಬುತ್ತಾರೆ. ಕೊನೆಗೆ 'ಮ' ಏಳು, 'ನಿ' ನಾಲ್ಕು, 'ಕೂ' ಹನ್ನೆರಡು. ನಡಿಗೆಯ 'ನ' ಮೊದಲ ಸಾಲಿನಲ್ಲಿ ಒಂದೇ ಒಂದು. ಗೆಳತಿ ಆ ಹಾಳೆಯನ್ನು ತನ್ನತ್ತ ಎಳೆದುಕೊಂಡು ಸುಮ್ಮನೆ ನೋಡುತ್ತಾಳೆ.

ಈಗ ಕ್ಯಾಲ್ಕುಲೇಟರ್ ಹೊರಬರುತ್ತದೆ. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ: ತೂಕದ ಹತ್ತರಷ್ಟು, ಎತ್ತರದ 6.25ರಷ್ಟು ಕೂಡಿ, ವಯಸ್ಸಿನ ಐದರಷ್ಟು ಕಳೆದು, ಹೆಂಗಸರಿಗೆ ಇನ್ನೂ 161 ಕಳೆಯಬೇಕು. ಬರುವುದು ಸುಮಾರು 1,300 ಕ್ಯಾಲೊರಿ, ಅಂದರೆ ಇಡೀ ದಿನ ಮಲಗಿಯೇ ಇದ್ದರೂ ದೇಹಕ್ಕೆ ಬೇಕಾಗುವಷ್ಟು. ಇದನ್ನು ಚೌಕಕ್ಕೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 'ಕಡಿಮೆ'ಗೆ 1.2, ಆಗ 1,560. 'ಮಧ್ಯಮ'ಕ್ಕೆ 1.55, ಆಗ 2,015. ಒಂದು ಟಿಕ್ ಗುರುತಿನಿಂದ 455 ಕ್ಯಾಲೊರಿ ಹೆಚ್ಚಾಯಿತು. ಆದರೆ ಲಾಲ್‌ಬಾಗಿನ ಆ ನಡಿಗೆ, ಅಷ್ಟು ಹೊತ್ತು ಕೂತೇ ಇದ್ದುದಕ್ಕಿಂತ ಹೆಚ್ಚಾಗಿ ಉರಿಸುವುದು ಸುಮಾರು 130.

"ನಿಮ್ಮ ಖರ್ಚು 1,690 ಅಂತಿಟ್ಕೊಳ್ಳಿ. ನೀವು 2,015 ಅಂತ ನಂಬಿ ಅದರಲ್ಲಿ 400 ಕಮ್ಮಿ ತಿಂದ್ರೆ, ನಿಜವಾಗಿ ಕಮ್ಮಿ ಆಗೋದು ಬರೀ 75."

ಗೆಳತಿಯ ಮುಖ ಇಳಿಯುತ್ತದೆ. ಇದು ಅವಳೊಬ್ಬಳ ಕಥೆಯಲ್ಲ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದು ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಅಳೆದು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರು ತಮ್ಮ ಚಟುವಟಿಕೆಯನ್ನು ಸರಾಸರಿ ಶೇ 51ರಷ್ಟು ಹೆಚ್ಚಾಗಿ ಹೇಳಿದ್ದರು. ಮೈ ದಣಿದದ್ದು ನೆನಪಿರುತ್ತದೆ, ಕೂತದ್ದು ನೆನಪಿರುವುದಿಲ್ಲ.

ಅಷ್ಟರಲ್ಲಿ ನೆಲ ಒರೆಸಲು ಬಕೆಟ್ ಹಿಡಿದು ಒಬ್ಬಾಕೆ ಒಳಬರುತ್ತಾಳೆ. ಕಾಲು ಎತ್ತಿಕೊಳ್ಳುತ್ತ ಕೇಳುತ್ತೇನೆ, ದಿನಕ್ಕೆ ಎಷ್ಟು ಮನೆ ಕೆಲಸ? "ಇದು ಬಿಟ್ಟು ಐದು ಮನೆ ಅಕ್ಕಾ. ಎರಡು ಕಡೆ ಲಿಫ್ಟ್ ಇಲ್ಲ." ವಾಕಿಂಗ್ ಹೋಗ್ತೀಯಾ ಎಂದರೆ ನಗುತ್ತಾಳೆ. ವ್ಯಾಯಾಮ ಮಾಡುತ್ತೀರಾ ಎಂಬ ಪ್ರಶ್ನೆಗೆ ಇವಳ ಉತ್ತರ 'ಇಲ್ಲ'. ಆದರೂ 'ಮಧ್ಯಮ' ಎಂಬ ಚೌಕ ನಿಜವಾಗಿ ಇವಳದು. ನಮ್ಮ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಲೆಕ್ಕವೂ ದುಡಿಮೆಯನ್ನು ನೋಡುತ್ತದೆ: 55 ಕೆ.ಜಿ.ಯ ಹೆಂಗಸಿಗೆ ಕೂತು ಮಾಡುವ ಕೆಲಸವಾದರೆ 1,660 ಕ್ಯಾಲೊರಿ, ಮಧ್ಯಮ ದುಡಿಮೆಯಾದರೆ 2,130.

ಗೆಳತಿ ಮೊದಲಿನ ಟಿಕ್ ಹೊಡೆದುಹಾಕಿ 'ಕಡಿಮೆ'ಗೆ ಗುರುತು ಹಾಕುತ್ತಾಳೆ. ನಡಿಗೆಯ 130 ಅನ್ನು ಡಯಟಿಷಿಯನ್ ಬೇರೆಯಾಗಿ ಪಕ್ಕದಲ್ಲಿ ಬರೆಯುತ್ತಾರೆ.

ನೀವೂ ಕ್ಯಾಲೊರಿ ಲೆಕ್ಕ ಹಾಕುವವರಾದರೆ ನಿಮ್ಮ 24 ಮನೆಗಳನ್ನು ಮೊದಲು ತುಂಬಿ. ಎರಡು ಚೌಕಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಆರಿಸಿ. ಯಾವ ಸೂತ್ರವೂ ಅಂದಾಜೇ. ನಾಲ್ಕು ವಾರ ಬರೆದಿಟ್ಟ ತೂಕ ನೋಡಿ, ಆಮೇಲೆ ಅಂಕಿ ತಿದ್ದಿಕೊಳ್ಳಿ. ವಾಕಿಂಗ್ ಮಾತ್ರ ಬಿಡಬೇಡಿ.