ಎರಡು ಹೊಳೆಗಳ ನಡುವೆ ಅಡವಿಟ್ಟ ನಾಡು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಪ್ರವಾಸಿ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವ ಊರಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ಇವೆರಡರ ನಡುವಿನ ಎಡೆದೊರೆ ನಾಡಿನ ಒಂದು ಹಳ್ಳಿ. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಕಾದಾಡಿದ್ದು, 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಬರೀ ಕಾಗದದ ಒಪ್ಪಂದಗಳ ಮೇಲೆ ಇದೇ ನೆಲ ಎರಡು ಸಲ ಕೈ ಬದಲಾಯಿಸಿದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

18ನೇ ಶತಮಾನದ ಕೊನೆಗೆ ದಖ್ಖನ್ನಿನಲ್ಲಿ ಮರಾಠರು, ಟಿಪ್ಪು, ನಿಜಾಮ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ. ಅಂದಿನ ಮಹಾಶಕ್ತಿ ಬ್ರಿಟನ್ನಿನ ಈಸ್ಟ್ ಇಂಡಿಯಾ ಕಂಪನಿಗೆ ಈ ಅಪನಂಬಿಕೆಯೇ ಬಂಡವಾಳವಾಯಿತು. 1798ರಲ್ಲಿ ನಿಜಾಮ್ ಅಲಿ ಖಾನ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಬರುವ ಈ ಪದ್ಧತಿಯ ತಿರುಳು ಇಷ್ಟೇ: ಕಾವಲುಗಾರ ಅವರವನು, ಸಂಬಳ ನಮ್ಮದು. 1800ರಲ್ಲಿ ಆ ಸಂಬಳದ ಬಾಬ್ತು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಕಂಪನಿಯ ಪಾಲಾದವು. ತುಂಗಭದ್ರೆ ಸರಹದ್ದಾಯಿತು. ಆಚೆ ದಡದ ಸಿರುಗುಪ್ಪ, ಆದವಾನಿಗಳ ರೈತ ಥಾಮಸ್ ಮನ್ರೋನ ರೈತವಾರಿ ಲೆಕ್ಕಕ್ಕೆ ಬಂದ. ಈಚೆಯವನು ಕಂದಾಯದ ಗುತ್ತಿಗೆದಾರರ ಕೈಯಲ್ಲೇ ಉಳಿದ. ಜೋಳದ ರೊಟ್ಟಿ ಎರಡೂ ಕಡೆ ಒಂದೇ, ಸರ್ಕಾರ ಮಾತ್ರ ಬೇರೆ.

ಅಷ್ಟಕ್ಕೇ ಮುಗಿಯಲಿಲ್ಲ. ಒಪ್ಪಂದದಲ್ಲಿಲ್ಲದ ಇನ್ನೊಂದು ಪಡೆ, ‘ಹೈದರಾಬಾದ್ ಕಂಟಿಂಜೆಂಟ್’, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಬೆಳೆಯಿತು. ಖರ್ಚು ನಿಜಾಮನದು. ಬಾಕಿ ಏರುತ್ತಲೇ ಹೋಯಿತು. 1853ರ ಮೇ ತಿಂಗಳಲ್ಲಿ ಡಾಲ್‌ಹೌಸಿಯ ಒತ್ತಡಕ್ಕೆ ಮಣಿದ ನಿಜಾಮ್ ನಾಸಿರುದ್ದೌಲ, ಬೀರಾರ್ ಮತ್ತು ನಳದುರ್ಗದ ಸೀಮೆಯ ಜೊತೆಗೆ ರಾಯಚೂರು ದೋಆಬನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಿದ. ಸಾಲಗಾರ ರೈತ ಸಾಹುಕಾರನಿಗೆ ಹೊಲ ಬರೆದುಕೊಟ್ಟ ಹಾಗೆ. ಮಾನ್ವಿ ಕಡೆಯ ಎರೆಹೊಲಗಳ ಕಂದಾಯ, ಅಲ್ಲಿನ ಒಕ್ಕಲಿಗರು ಎಂದೂ ಕೇಳದಿದ್ದ ಸೈನ್ಯದ ಪಗಾರಕ್ಕೆ ಸಲ್ಲತೊಡಗಿತು.

1857ರ ದಂಗೆಯಲ್ಲಿ ಹೈದರಾಬಾದಿನ ದರಬಾರು ಬ್ರಿಟಿಷರ ಪರ ನಿಂತಿತು. ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತಿರುಗಿಬಿದ್ದು ರಾಜ್ಯ ಕಳೆದುಕೊಂಡ. 1860ರ ಒಪ್ಪಂದದಲ್ಲಿ ಇಬ್ಬರ ಲೆಕ್ಕವೂ ಚುಕ್ತಾ ಆಯಿತು. ನಿಜಾಮನ 50 ಲಕ್ಷ ರೂಪಾಯಿ ಸಾಲ ಮನ್ನಾ, ದೋಆಬ್ ವಾಪಸು, ಮೇಲೆ ಸುರಪುರದ ಇನಾಮು. ಬೀರಾರನ್ನು ಮಾತ್ರ ಬ್ರಿಟಿಷರು ಬಿಡಲಿಲ್ಲ. ಹತ್ತಿ ಬೆಳೆಯುವ ಅಂಥ ನಾಡನ್ನು ಯಾರು ಬಿಟ್ಟಾರು!

ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಬಳ್ಳಾರಿ 1953ರಲ್ಲಿ, ರಾಯಚೂರು 1956ರಲ್ಲಿ ಮೈಸೂರು ರಾಜ್ಯ ಸೇರಿದವು. ಆದವಾನಿ ಆಂಧ್ರಕ್ಕೆ ಹೋಯಿತು. ರಾಯಚೂರು ಕಡೆಯಿಂದ ಮಂತ್ರಾಲಯಕ್ಕೆ ಹೊರಟ ಬಸ್ಸು ತುಂಗಭದ್ರೆಯ ಸೇತುವೆ ದಾಟುವಾಗ, ಕಿಟಕಿಯ ಕೆಳಗೆ ಹರಿಯುವುದು 1800ರಲ್ಲಿ ಸರಹದ್ದಾದ ಅದೇ ಹೊಳೆ.