ಗುರ್ತದವರು ಯಾರಿದ್ದಾರೆ?

ಫೋನಿನಲ್ಲಿ ನಾನು ‘ಹಲೋ ರೀ’ ಅಂದ ಕೂಡಲೇ ಆ ಕಡೆ ಒಂದು ಗಳಿಗೆ ಸದ್ದು ಇರುತ್ತಿರಲಿಲ್ಲ. ಆಮೇಲೆ, “ನೀವು ಘಟ್ಟದ ಮೇಲಿನವರಾ?” ಹೌದ್ರಿ, ಗದಗ ಜಿಲ್ಲೆ. “ಇಲ್ಲಿ ಗುರ್ತದವರು ಯಾರಿದ್ದಾರೆ?” ಯಾರೂ ಇಲ್ರಿ. “ಆಯ್ತು, ಹೇಳ್ತೇನೆ.”

ಆ ‘ಹೇಳ್ತೇನೆ’ ಅಂದರೆ ‘ಇಲ್ಲ’ ಎಂದು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು. ನಮ್ಮ ಕಡೆ ಕೊಡದವರು ಮುಖದ ಮೇಲೇ ಇಲ್ಲ ಅಂದುಬಿಡುತ್ತಾರೆ. ಕರಾವಳಿಯಲ್ಲಿ ಯಾರೂ ನನಗೆ ಒರಟಾಗಿ ಮಾತಾಡಲಿಲ್ಲ. ಕೂರಿಸಿ ಬೆಲ್ಲ ನೀರು ಕೊಟ್ಟರು, ಮಳೆಗೆ ಕೊಡೆ ಕೊಟ್ಟು ಕಳಿಸಿದವರೂ ಇದ್ದಾರೆ. ಮನೆ ಮಾತ್ರ ಕೊಡಲಿಲ್ಲ.

2022ರ ಜುಲೈ ಮೊದಲ ವಾರ ಮಣಿಪಾಲದ ಒಂದು ಖಾಸಗಿ ಕಚೇರಿಗೆ ಲೆಕ್ಕಪತ್ರದ ಕೆಲಸಕ್ಕೆ ಬಂದೆ. ಹೆಂಡತಿ, ನಾಲ್ಕು ವರ್ಷದ ಮಗಳು, ಅವ್ವ ಊರಲ್ಲೇ ಉಳಿದಿದ್ದರು. ಮನೆ ಸಿಗುವವರೆಗೆ ಅಂತ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದೆ. ಒಂದು ವಾರ ಅಂದುಕೊಂಡಿದ್ದು ನಲವತ್ತು ದಿನ ದಾಟಿತು. ಆ ಮಳೆಯಲ್ಲಿ ಒಗೆದ ಅಂಗಿ ಮೂರು ದಿನವಾದರೂ ಒಣಗದೆ, ಹಾಕಿಕೊಂಡ ಮೇಲೆ ಮೈಬಿಸಿಗೇ ಒಣಗಬೇಕಿತ್ತು. ರಾತ್ರಿ ಮಗಳು ವಿಡಿಯೊ ಕಾಲ್‌ನಲ್ಲಿ “ಪಪ್ಪಾ, ಮನಿ ಸಿಕ್ತಾ?” ಅಂತ ಕೇಳುತ್ತಿದ್ದಳು. ಅವಳಿಗೆ ಯಾರು ಕಲಿಸಿಕೊಟ್ಟಿದ್ದರೋ.

ಮೊದಲು ಮಣಿಪಾಲದಲ್ಲೇ ಹುಡುಕಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಶುರುಮಾಡಿದಾಗ ಅದು ಬೋಳು ಗುಡ್ಡವಂತೆ. ಈಗ ಆ ಗುಡ್ಡದ ಮೇಲೆ ಬಾಡಿಗೆ ಲೆಕ್ಕ ಮನೆಗಲ್ಲ, ತಲೆಗೆ. ಈಶ್ವರ ನಗರದಲ್ಲಿ ಎರಡು ಕೋಣೆಯ ಮನೆ ತೋರಿಸಿದ ಬ್ರೋಕರ್ ನೇರವಾಗಿ ಹೇಳಿದ: “ಮೂರು ಹುಡುಗರು ತಲಾ ಏಳು ಸಾವಿರ ಕೊಡ್ತಾರೆ. ನಿಮ್ಮ ಫ್ಯಾಮಿಲಿಗೆ ಹತ್ತಕ್ಕೆ ಕೊಟ್ಟು ಓನರಿಗೆ ಎಂತ ಲಾಭ?” ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ಅತಿ ಸ್ವಚ್ಛವಾದ ನಿರಾಕರಣೆ ಅದು, ಬರೀ ದುಡ್ಡಿನದು.

ಉಡುಪಿ ಪೇಟೆ ಕಡೆ ಬಂದಾಗ ಲೆಕ್ಕ ಬೇರೆಯಾಯಿತು. ಕಡಿಯಾಳಿಯ ಆಚೆ ಒಂದು ಹಳೆ ಹಂಚಿನ ಮನೆಯ ಹಿಂದಿನ ಭಾಗ ಖಾಲಿ ಇತ್ತು. ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲ ಮೂಲೆಯಲ್ಲಿ ನಾಗಬನ. ಮನೆಯ ಅಮ್ಮ ಎಪ್ಪತ್ತು ದಾಟಿದವರು. ಹೆಸರು ಕೇಳಿದರು, ಹೇಳಿದೆ. ಅಡ್ಡಹೆಸರು ಕೇಳಿದರು. “ಹುಣಸಿಮರದ ರೀ.”

“ಅದೆಂತ ಹೆಸರು ಮಾರಾಯ್ರೆ?”

ಇಲ್ಲಿ ಶೆಟ್ಟಿ, ಪೂಜಾರಿ, ಭಟ್, ಕಾಮತ್ ಅಂದರೆ ಸಾಕು, ಉಳಿದದ್ದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಅಂತೆಲ್ಲ ಇರುತ್ತವೆ. ಅವುಗಳಿಂದ ಈ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅಮ್ಮ ಸುತ್ತಿ ಬಳಸಿ ಬಂದರು. ಮನೆದೇವರು ಯಾವುದು? ಮೀನು ತಿನ್ನುವುದುಂಟಾ? ಮೊಟ್ಟೆ? ನಾಗ ಇರುವ ಜಾಗ, ಮೈಲಿಗೆ ಆಗಬಾರದು, ಹೆಂಡತಿಗೆ ಅದೆಲ್ಲ ಗೊತ್ತಲ್ಲ? ಕೊನೆಗೆ, ನನಗಿಂತ ಅವರಿಗೇ ಸಂಕೋಚವಾಗಿ, ಗೋಡೆಯ ಕ್ಯಾಲೆಂಡರ್ ನೋಡುತ್ತ, “ಒಟ್ಟು ನಿಮ್ಮದು ಯಾವುದು ಅಂತ ಆಗ್ತದೆ?” ಅಂದರು.

ನಾನು ಹೇಳಿದೆ. ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಕೊಡಬಹುದಿತ್ತೋ ಬಾರದಿತ್ತೋ ಅಂತ ಲೆಕ್ಕ ಹಾಕುತ್ತೀರಿ.

“ಮಗ ಬೆಂಗಳೂರಲ್ಲಿದ್ದಾನೆ, ಅವನ ಹತ್ರ ಕೇಳಿ ಹೇಳ್ತೇನೆ.”

ಕಾಪುವಿನ ಮನೆ ಕೈಗೆ ಬಂದೇ ಬಿಟ್ಟಿತು ಅನ್ನಿಸಿದ ಮನೆ. 1901ರ ದೀಪಸ್ತಂಭದಿಂದ ಹೆಚ್ಚು ದೂರವಿರಲಿಲ್ಲ. ಓನರ್ ಮುಂಬೈಯಲ್ಲಿ, ಕೀಲಿಕೈ ಪಕ್ಕದ ಮನೆ ಅಕ್ಕನ ಹತ್ತಿರ. ಕರಾವಳಿಯ ಎಷ್ಟೋ ಮನೆಗಳ ಕಥೆ ಇದೇ. ಕಟ್ಟಿದವರು ಮುಂಬೈ, ದುಬೈಯಲ್ಲಿರುತ್ತಾರೆ, ಬಾಗಿಲು ತೆಗೆದು ತೋರಿಸುವವರು ಬೇರೆ, ಒಪ್ಪುವವರು ಬೇರೆ. ಹಾಗಾಗಿ ಎರಡು ಪರೀಕ್ಷೆ. ಅಕ್ಕ ನನ್ನ ಚಪ್ಪಲಿಯಿಂದ ತಲೆವರೆಗೆ ನೋಡಿ, ಹಿತ್ತಿಲಿಗೆ ಹೋಗಿ ತುಳುವಿನಲ್ಲಿ ಫೋನು ಮಾಡಿದರು. ನನಗೆ ಆಗ ತುಳು ಬರುತ್ತಿರಲಿಲ್ಲ. ‘ಘಟ್ಟ’ ಎಂಬ ಒಂದು ಪದ ಮಾತ್ರ ಕಿವಿಗೆ ಬಿತ್ತು. ಆಮೇಲೆ ಓನರ್ ವಾಟ್ಸಾಪ್ ಮಾಡಿದರು: ಆಧಾರ್, ಕಚೇರಿಯ ಗುರುತಿನ ಚೀಟಿ, ಮೂರು ತಿಂಗಳ ಸಂಬಳದ ಸ್ಲಿಪ್, ಫ್ಯಾಮಿಲಿ ಫೋಟೊ. ಕೆಲಸಕ್ಕೆ ಸೇರಿ ಮೂರು ವಾರವೂ ಆಗಿಲ್ಲ, ಮೂರು ಸ್ಲಿಪ್ ಎಲ್ಲಿಂದ ತರಲಿ? ನೇಮಕಾತಿ ಪತ್ರ ಕಳಿಸಿದೆ. ಫ್ಯಾಮಿಲಿ ಫೋಟೊ ಕಳಿಸುವಾಗ ಕೈ ತಡೆಯಿತು. ಮಗಳ ಜವಳದ್ದು ಬಿಟ್ಟರೆ ನಾವೆಲ್ಲ ಕೂಡಿ ತೆಗೆಸಿದ ಫೋಟೊ ಇರಲಿಲ್ಲ. ಅದರಲ್ಲಿ ಅವ್ವ ಇಳಕಲ್ಲ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಫೋಟೊದವನ ಮೇಲೆ ಸಿಟ್ಟಾದವಳಂತೆ ಕೂತಿದ್ದಾಳೆ. ಕಳಿಸಿದೆ. ನೀಲಿ ಗೀಟು ಎರಡು ಬಿದ್ದವು.

ಮರುದಿನ ಒಪ್ಪಿಗೆ ಬಂತು. ಐದು ಸಾವಿರ ಟೋಕನ್ ಹಾಕಿದೆ. ಬಾವಿ ನೀರು ಸ್ವಲ್ಪ ಉಪ್ಪು, ಕುಡಿಯಲು ನಳದ ನೀರು ಹಿಡಿಯಬೇಕು ಅಂದಿದ್ದರು, ಅದಕ್ಕೂ ಹೂಂ ಅಂದಿದ್ದೆ. ಅಷ್ಟರಲ್ಲಿ ಆಟಿ ಬಂತು. ತುಳುವರಿಗೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಒಕ್ಕಲು ಬರುವುದು, ಶುಭಕಾರ್ಯ ಏನೂ ಮಾಡುವುದಿಲ್ಲ. “ಸೋಣ ಬರಲಿ, ಆಮೇಲೆ ಬನ್ನಿ.” ನಾನು ದಿನ ಎಣಿಸಿಕೊಂಡು ಕೂತೆ. ಸೋಣಕ್ಕೆ ಹತ್ತು ದಿನ ಇರುವಾಗ ಅಕ್ಕನ ಫೋನು: ಓನರಿಗೆ ಅವರ ಕಡೆಯವರೇ ಒಬ್ಬರು ಸಿಕ್ಕಿದ್ದಾರೆ, ಬೇಜಾರು ಮಾಡ್ಕೊಳ್ಬೇಡಿ. ಟೋಕನ್ ಹಣ ಮೂರು ಕಂತಿನಲ್ಲಿ ವಾಪಸ್ ಬಂತು. ಪೂರ್ತಿ ಬಂತು ಅನ್ನುವುದನ್ನೂ ಹೇಳಬೇಕು. ಆದರೆ ಆ ದಿನ ನಾನು ಕಾಪುವಿನ ಹೆದ್ದಾರಿ ಬದಿಯ ಬಸ್ ತಂಗುದಾಣದಲ್ಲಿ ಕೂತು ನಾಲ್ಕು ಎಕ್ಸ್‌ಪ್ರೆಸ್ ಬಸ್ಸು ಬಿಟ್ಟೆ. ಹೆಂಡತಿಗೆ ಹೇಗೆ ಹೇಳುವುದು ಅಂತ.

ಕಾರ್ಕಳದಲ್ಲಿ ಹತ್ತೇ ನಿಮಿಷಕ್ಕೆ ಮನೆ ಒಪ್ಪಿದರು. ಸಹೋದ್ಯೋಗಿಯ ಅತ್ತೆಮನೆ ಆನೆಕೆರೆಯ ಹತ್ತಿರ, ಅವರು ‘ನಮ್ಮ ಅಳಿಯನ ಆಫೀಸಿನವರು’ ಅಂದಿದ್ದಷ್ಟೇ, ಆಧಾರ್ ಕೂಡ ಯಾರೂ ನೋಡಲಿಲ್ಲ. ಬಾಡಿಗೆಯೂ ಕಡಿಮೆ. ಆದರೆ ಬೈಲೂರು, ಹಿರಿಯಡ್ಕ ದಾಟಿ ಮಣಿಪಾಲಕ್ಕೆ ದಿನಾ ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು, ಅಷ್ಟೇ ಬರಬೇಕು. ತಿಂಗಳ ಕೊನೆಗೆ ಲೆಕ್ಕ ಮುಗಿಯುವಾಗ ರಾತ್ರಿ ಒಂಬತ್ತಾಗುವ ಕೆಲಸ ನನ್ನದು. ಬಿಟ್ಟೆ. ಬಸ್ ಹತ್ತುವ ಮುಂಚೆ ಗೊಮ್ಮಟನ ಬೆಟ್ಟ ಹತ್ತಿ ಬಂದೆ. 1432ರಿಂದ ಒಂದೇ ಜಾಗದಲ್ಲಿ ನಿಂತಿದ್ದಾನೆ, ಮೇಲೆ ಸೂರಿಲ್ಲ, ಮೈಮೇಲೆ ಬಟ್ಟೆ ಒಣಗಿಸುವ ತಾಪತ್ರಯವೂ ಇಲ್ಲ. ಸುಮ್ಮನೆ ಹೊಟ್ಟೆಕಿಚ್ಚಾಯಿತು.

ನಾನು ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದುದು ಪರ್ಕಳದ ಒಂದು ಸಣ್ಣ ಹೋಟೆಲಿನಲ್ಲಿ. ಲಾಡ್ಜಿನಿಂದ ದೂರವೇ, ಆದರೆ ಆ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು, ಮತ್ತು ಅಲ್ಲಿಯ ಬನ್ಸ್ ಚಟವಾಗಿತ್ತು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹೋಟೆಲಿನ ಅಣ್ಣ ಕೇಳದೆಯೇ ಒಂದು ಲೋಟ ಮುಂದಿಟ್ಟರು. ಹಾಲೆ ಮರದ ಕೆತ್ತೆಯ ಕಷಾಯ. ನಾಲಿಗೆಯಿಂದ ಕರುಳಿನವರೆಗೆ ಕಹಿ. “ಕುಡೀರಿ, ವರ್ಷ ಇಡೀ ಕಾಯಿಲೆ ಬರುದಿಲ್ಲ. ಆಮೇಲೆ ಮೆಂತೆ ಗಂಜಿ ಕೊಡ್ತೇನೆ.” ಅಂದು ಮೊದಲ ಸಲ ನಾನು ಅವರಿಗೆ ಮನೆ ವಿಷಯ ಹೇಳಿದೆ. ಅವರು ಏನೂ ಅನ್ನಲಿಲ್ಲ.

ಹತ್ತು ಹನ್ನೆರಡು ದಿನವಾದ ಮೇಲೆ ಪರ್ಕಳದಲ್ಲೇ ಒಂದು ಮಹಡಿ ಮನೆಯ ಕೆಳಭಾಗ ನೋಡಲು ಕಳಿಸಿದರು. ಓನರ್ ನಿವೃತ್ತ ಮೇಷ್ಟ್ರು. ಹೆಸರು, ಊರು, ಅಡ್ಡಹೆಸರು. ನಾನು ಮುಂದಿನ ಪ್ರಶ್ನೆಗೆ ಕಾದೆ.

“ಗುರ್ತದವರು ಯಾರಿದ್ದಾರೆ?”

ಹೋಟೆಲಿನ ಅಣ್ಣನ ಹೆಸರು ಹೇಳಿದೆ. ಮೇಷ್ಟ್ರು ನನ್ನೆದುರೇ ಫೋನು ಮಾಡಿದರು, ಸ್ಪೀಕರ್ ಹಾಕಿ. ಅಣ್ಣ ತುಳುವಿನಲ್ಲಿ ಎರಡೇ ಮಾತು ಹೇಳಿದರು. ಮೇಷ್ಟ್ರು ನಕ್ಕು ನನಗೆ ಕನ್ನಡ ಮಾಡಿದರು: “ಸಾಲ ಬರೆಸುವುದಿಲ್ಲವಂತೆ. ತಟ್ಟೆಯಲ್ಲಿ ಬಿಡುವುದಿಲ್ಲವಂತೆ.” ನಲವತ್ತು ದಿನದಲ್ಲಿ ನನ್ನ ಬಗ್ಗೆ ಯಾರಾದರೂ ನಿಜವಾಗಿ ತಿಳಿದುಕೊಂಡಿದ್ದರೆ ಇಷ್ಟೇ, ಮತ್ತು ಅಷ್ಟು ಸಾಕಾಯಿತು.

ಕಾಗದ ಪತ್ರ ಬಂದದ್ದು ಆಮೇಲೆ. ಸಹಕಾರಿ ಸಂಘದಲ್ಲಿ ಇ-ಸ್ಟ್ಯಾಂಪ್ ತೆಗೆಸಿದೆವು. ಬಾಡಿಗೆ ಒಂಬತ್ತು ಸಾವಿರ, ಅಡ್ವಾನ್ಸ್ ಐವತ್ತು ಸಾವಿರ, ಕರಾರು ಹನ್ನೊಂದು ತಿಂಗಳು. ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಅದಕ್ಕೇ ಎಲ್ಲರದ್ದೂ ಹನ್ನೊಂದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿದರೆ ಉಂಟು. ಮೇಷ್ಟ್ರ ಹತ್ತಿರ ಆ ಮಾತು ತೆಗೆಯುವ ಧೈರ್ಯ ನನಗಿರಲಿಲ್ಲ. ಕರಾರು ಎರಡು ಸಲ ಓದಿದೆ. ಗೋಡೆಗೆ ಮೊಳೆ ಹೊಡೆಯಬಾರದು, ಬಿಡುವಾಗ ಪೇಂಟಿಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು, ಕರೆಂಟ್ ಬಿಲ್ಲು ನಮ್ಮದು. ಮೀನು, ಮೈಲಿಗೆ, ಮನೆದೇವರು, ನನ್ನನ್ನು ಕೇಳಿದ ಯಾವ ಪ್ರಶ್ನೆಯೂ ಅದರಲ್ಲಿ ಇರಲಿಲ್ಲ.

ಸೋಣ ಬಂದ ಮೊದಲ ವಾರ ಸಾಮಾನು ಬಂತು. ಅವ್ವ ರಾತ್ರಿ ಬಸ್ಸಿನಲ್ಲಿ ಕೂತು ಕಾಲು ಬಾತುಕೊಂಡು ಇಳಿದಳು. ಮೇಷ್ಟ್ರ ಹೆಂಡತಿ ಬಿಸಿನೀರು, ಮೂಡೆ, ಚಟ್ನಿ ತಂದಿಟ್ಟು, ಏನಾದರೂ ಬೇಕಿದ್ದರೆ ಕರೀರಿ ಅಂತ ಹೇಳಿ ಮೇಲೆ ಹೋದರು. ಅವ್ವ ಮೂಡೆಯ ಎಲೆ ಬಿಡಿಸಿ ನೋಡಿದಳು, ಮೂಸಿದಳು, ಮೆಟ್ಟಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು.

“ಯಪ್ಪಾ, ಇವ್ರು ಯಾವ ಮಂದಿ?”

ನಾನು ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಅಡುಗೆಮನೆಗೆ ಹೋದೆ.